ವಿಳಾಸ ಕುರ್ಚಿಯದ್ದು, ಕೂತವರದ್ದಲ್ಲ

ಪ್ರಶ್ನೆ: ಸರ್, ನಾನಿರುವುದು ಕ್ಯಾಲಿಫೋರ್ನಿಯಾದ ಸೌತ್ ಬೇ ಕಡೆ. ಇಲ್ಲಿನ ರಾಜ್ಯ ಅಸೆಂಬ್ಲಿ ಸದಸ್ಯರೊಬ್ಬರ ಕ್ಷೇತ್ರ ಕಚೇರಿಯಲ್ಲಿ ವಾರಕ್ಕೆರಡು ದಿನ ಕೆಲಸ ಮಾಡುತ್ತೇನೆ. ನಮ್ಮ ಸಾಹೇಬರು ಈ ಸಲ ಚುನಾವಣೆಗೆ ನಿಲ್ಲುತ್ತಿಲ್ಲ. 2026ರ ನವೆಂಬರ್‌ಗೆ ಅವಧಿ ಮುಗಿಯುತ್ತದೆ. ಅವರ ಅಧಿಕೃತ ವೆಬ್‌ಸೈಟಿನಲ್ಲಿ ವರ್ಷಗಟ್ಟಲೆ ಹಾಕಿದ ಪತ್ರಿಕಾ ಹೇಳಿಕೆ, ನ್ಯೂಸ್‌ಲೆಟರ್, ಫೋಟೊ ಎಲ್ಲ ಇವೆ. ಕನ್ನಡ ರಾಜ್ಯೋತ್ಸವಕ್ಕೆ ಅವರು ಬಂದಿದ್ದ ಪುಟವೂ ಒಂದಿದೆ. ಇದೆಲ್ಲ ರಾಜ್ಯದ ಆರ್ಕೈವ್‌ಗೆ ತಾನಾಗಿ ಸೇರುತ್ತದಾ? ವೇಬ್ಯಾಕ್ ಮಷೀನ್‌ನಲ್ಲಿ ಇದ್ದರೆ ಸಾಕಾ? ಅಥವಾ ನಾವೇ ಪಿಡಿಎಫ್ ಮಾಡಿ ಕೊಟ್ಟುಬಿಡಬಹುದಾ?

ಉತ್ತರ: ತಾನಾಗಿ ಸೇರುತ್ತದೆ ಅಂತ ಕೂರಬೇಡಿ. ಹಳೆಯ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಒಂದೇ ಸಾಲದು. ಪಿಡಿಎಫ್ ಕೊಡಿ, ಆದರೆ ಅದನ್ನೇ ವೆಬ್‌ಸೈಟ್ ಅಂತ ತಿಳಿಯಬೇಡಿ. ಇಷ್ಟೇ ಬೇಕಿದ್ದರೆ ಇಲ್ಲಿಗೆ ನಿಲ್ಲಿಸಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ, ಅದನ್ನು ಮೊದಲು ಹೇಳುತ್ತೇನೆ.

ನಿಮ್ಮ ಸಾಹೇಬರ ವೆಬ್‌ಸೈಟಿನ ವಿಳಾಸ ನೋಡಿ. ಅದರಲ್ಲಿ ಅವರ ಹೆಸರಿಲ್ಲ, ಕ್ಷೇತ್ರದ ನಂಬರ್ ಇದೆ. ಅಸೆಂಬ್ಲಿಯ ಡೆಮಾಕ್ರಟಿಕ್ ಸದಸ್ಯರಿಗೆಲ್ಲ 'ಎ' ಅಕ್ಷರ, ಅದರ ಮುಂದೆ ಕ್ಷೇತ್ರದ ನಂಬರ್, ಆಮೇಲೆ ಸದನದಲ್ಲಿನ ಆ ಪಕ್ಷದ ಸದಸ್ಯರ ಗುಂಪಾದ ಕಾಕಸ್‌ನ ಡೊಮೇನ್. ಅಂದರೆ ವಿಳಾಸ ಕುರ್ಚಿಯದ್ದು, ಅದರಲ್ಲಿ ಕೂತವರದ್ದಲ್ಲ. ಕೂತವರು ಎದ್ದು ಹೋದರೆ ಅದೇ ಪಕ್ಷದಿಂದ ಮುಂದೆ ಬಂದವರಿಗೆ ಅದೇ ವಿಳಾಸ. 26ನೇ ಕ್ಷೇತ್ರವನ್ನೇ ತಗೊಳ್ಳಿ, ಕ್ಯುಪರ್ಟಿನೊ, ಸನ್ನಿವೇಲ್ ಎಲ್ಲ ಬರುವ ಕ್ಷೇತ್ರ, ನಮ್ಮವರು ಸಾಕಷ್ಟು ಜನ ಇರುವ ಜಾಗ. 2024ರ ನವೆಂಬರ್‌ವರೆಗೆ ಅಲ್ಲಿ ಇವಾನ್ ಲೋ ಇದ್ದರು. ಆ ವರ್ಷ ಡಿಸೆಂಬರ್ 2ರಿಂದ ಪ್ಯಾಟ್ರಿಕ್ ಆರೆನ್ಸ್. ಕುರ್ಚಿಯ ನಂಬರ್ ಬದಲಾಗಲಿಲ್ಲ, ಕೂತವರು ಬದಲಾದರು.

ಇದಕ್ಕಿಂತ ಗೋಜಲು 2022ರಲ್ಲಿ ಆಯಿತು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಕ್ಷೇತ್ರಗಳ ಗಡಿ ಹೊಸದಾಗಿ ಎಳೆಯುತ್ತಾರೆ, ಆಗ ನಂಬರುಗಳೂ ಜಾಗ ಬದಲಿಸುತ್ತವೆ. ಆ ವರ್ಷದ ಚುನಾವಣೆ ಮುಗಿದಾಗ 25ನೇ ಕ್ಷೇತ್ರದಲ್ಲಿದ್ದ ಅಲೆಕ್ಸ್ ಲೀ 24ಕ್ಕೆ ಹೋದರು, 27ರಲ್ಲಿದ್ದ ಆ್ಯಶ್ ಕಾಲ್ರಾ 25ಕ್ಕೆ ಬಂದರು, 28ರಲ್ಲಿದ್ದ ಇವಾನ್ ಲೋ 26ಕ್ಕೆ ಬಂದರು. ಮೂವರೂ ಗೆದ್ದವರೇ, ಯಾರೂ ಮನೆಗೆ ಹೋಗಲಿಲ್ಲ. ಆದರೂ ಮೂವರ ನಂಬರೂ ಬೇರೆ ಆಯಿತು. ಮ್ಯೂಸಿಕಲ್ ಚೇರ್ ಆಟದ ಹಾಗೆ, ಹಾಡು ನಿಂತಾಗ ಯಾರು ಎಲ್ಲಿ ಕೂತರೋ ಅದೇ ಲೆಕ್ಕ. ಈಗ ಇಪ್ಪತ್ತು ವರ್ಷ ಬಿಟ್ಟು ಒಬ್ಬ ವಿದ್ಯಾರ್ಥಿ ಆರ್ಕೈವ್‌ನಲ್ಲಿ 25ನೇ ನಂಬರಿನ ಸೈಟ್ ತೆಗೆದು, ಎಲ್ಲ ವರ್ಷದ ಪುಟಗಳೂ ಒಬ್ಬರದ್ದೇ ಅಂದುಕೊಂಡು ಪ್ರಬಂಧ ಬರೆದುಬಿಟ್ಟರೆ? ಬರೆಯುತ್ತಾರೆ. ವಿಳಾಸ ನೋಡಿ ಮೋಸಹೋದ ವಿದ್ವಾಂಸರನ್ನು ನಾನೇ ಕಂಡಿದ್ದೇನೆ.

ಹಾಗಾಗಿ ಆರ್ಕೈವ್‌ಗೆ ನೀವು ಕೊಡಬೇಕಾದ ಮೊದಲ ವಸ್ತು ವೆಬ್‌ಸೈಟ್ ಅಲ್ಲ, ಒಂದು ಸಾಲಿನ ಮಾಹಿತಿ. ಈ ವಿಳಾಸದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಇದ್ದವರು ಇವರು, ಇದಕ್ಕೆ ಮುಂಚೆ ಇವರೇ ಬೇರೆ ನಂಬರಿನಲ್ಲಿದ್ದರೆ ಆ ವಿಳಾಸ ಇದು. ಅಷ್ಟೇ. ಇದನ್ನು ಸದಸ್ಯರ ಹೆಸರಿನಲ್ಲೇ ಕ್ಯಾಟಲಾಗ್ ಮಾಡಿ ಅಂತ ಕೇಳಿಕೊಳ್ಳಿ. ಎಷ್ಟು ಸಣ್ಣ ಕೆಲಸ ಅಲ್ವಾ? ಆದರೆ ಇದು ನಿಮ್ಮ ಕಚೇರಿಯವರಿಗೆ ಈಗ ಐದು ನಿಮಿಷದ ಕೆಲಸ, ಆಮೇಲೆ ಬೇರೆಯವರಿಗೆ ಐದು ದಿನದ ಕೆಲಸ.

ಇದರ ಇನ್ನೊಂದು ಮುಖ ನಾನು ಕೈ ಸುಟ್ಟುಕೊಂಡು ಕಲಿತದ್ದು. ನಾನು ಆಗ ಬೇರೆ ರಾಜ್ಯದ ಒಂದು ಸಂಸ್ಥೆಯಲ್ಲಿ ವೆಬ್‌ಸೈಟ್‌ಗಳನ್ನು ಹಿಡಿದಿಡುವ ಇದೇ ಕೆಲಸ ಮಾಡುತ್ತಿದ್ದೆ. ನಿವೃತ್ತರಾದ ಶಾಸಕರೊಬ್ಬರ ಪುಟವನ್ನು ಆರ್ಕೈವ್‌ನಲ್ಲಿ ತೆರೆದು ನೋಡಿದರೆ, ಕೆಳಗೆಲ್ಲ ಅವರ ಮಾತು, ಅವರ ಹೇಳಿಕೆ, ಮೇಲಿನ ಬ್ಯಾನರ್‌ನಲ್ಲಿ ಮಾತ್ರ ಹೊಸ ಶಾಸಕರ ನಗುಮುಖ! ನಮಗೆ ಗಾಬರಿ. ಆಗಿದ್ದು ಇಷ್ಟೇ. ನಮ್ಮ ಮೊದಲ ಕ್ರಾಲ್‌ನಲ್ಲಿ (ಲಿಂಕ್ ಹಿಡಿದು ಹೋಗಿ ಪುಟಗಳನ್ನೆಲ್ಲ ನಕಲು ಮಾಡಿಕೊಳ್ಳುವ ಯಂತ್ರದ ಓಟ) ಬ್ಯಾನರ್ ಚಿತ್ರ ಸಿಕ್ಕಿರಲಿಲ್ಲ. ಆರ್ಕೈವ್ ಪುಟ ತೋರಿಸುವಾಗ ಒಂದು ಚಿತ್ರ ಆ ದಿನದ್ದು ಇಲ್ಲದಿದ್ದರೆ, ಅದೇ ವಿಳಾಸದಲ್ಲಿ ಹತ್ತಿರದ ದಿನಾಂಕದ್ದು ಯಾವುದಿದೆಯೋ ಅದನ್ನು ತಂದು ಅಂಟಿಸುತ್ತದೆ. ಹೊಸಬರ ಕಚೇರಿ ತಮ್ಮ ಬ್ಯಾನರ್ ಅನ್ನು ಅದೇ ಫೈಲ್ ಹೆಸರಿನಲ್ಲಿ ಹಾಕಿತ್ತು. ಹೀಗೆ ಒಂದೇ ಪುಟದಲ್ಲಿ ಎರಡು ಕಾಲ. ಹೆಸರಿರುವ ವಿಳಾಸವಾಗಿದ್ದರೆ ಈ ಅವಾಂತರ ಆಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ನಿಮ್ಮ ಸಾಹೇಬರು ಇರುವಾಗಲೇ ಒಂದು ಪೂರ್ತಿ ಕ್ರಾಲ್ ಆಗಿ, ಅದನ್ನು ಯಾರಾದರೂ ಕಣ್ಣಾರೆ ನೋಡಿರಬೇಕು.

ಈಗ 'ತಾನಾಗಿ' ಅನ್ನುವ ಮಾತಿಗೆ ಬರೋಣ. ಕ್ಯಾಲಿಫೋರ್ನಿಯಾ ಸ್ಟೇಟ್ ಆರ್ಕೈವ್ಸ್ ಇರುವುದು ಸ್ಯಾಕ್ರಮೆಂಟೊದಲ್ಲಿ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಕೈಕೆಳಗೆ. 1849ರ ರಾಜ್ಯ ಸಂವಿಧಾನದ ಮೂಲ ಪ್ರತಿ ಇರುವುದು ಅಲ್ಲೇ. ಶಾಸಕಾಂಗ ಸಮಿತಿಗಳ ಮಸೂದೆ ಕಡತಗಳು ಅಲ್ಲಿಗೆ ಹೋಗುತ್ತವೆ, ಎಷ್ಟೋ ಶಾಸಕರ ಕಡತಗಳೂ ಹೋಗಿವೆ. ಕಾಗದದ ಪೆಟ್ಟಿಗೆಗೆ ಈ ದಾರಿ ಹಳೆಯದು, ಸವೆದ ದಾರಿ. ವೆಬ್‌ಸೈಟಿಗೆ ಹಾಗಲ್ಲ. ಸರ್ಕಾರದ ವೆಬ್‌ಸೈಟ್‌ಗಳನ್ನು ಹಿಡಿದಿಡುವ ಕ್ರಾಲ್‌ಗಳನ್ನು ಸಾಮಾನ್ಯವಾಗಿ ಸರ್ಕಾರಿ ಡೊಮೇನ್ ಇಟ್ಟುಕೊಂಡು ಹೊರಡಿಸುತ್ತಾರೆ, ಇಲ್ಲಿ ಅದು ಸಿಎ ಡಾಟ್ ಗವ್. ಮೇಲ್ಮನೆಯಾದ ಸ್ಟೇಟ್ ಸೆನೆಟ್‌ನ ಸದಸ್ಯರ ಪುಟಗಳು ಅದರೊಳಗೆ ಬರುತ್ತವೆ. ಅಸೆಂಬ್ಲಿ ಸದಸ್ಯರದ್ದು? ಡೆಮಾಕ್ರಟರದ್ದು ಒಂದು ಡೊಮೇನ್, ರಿಪಬ್ಲಿಕನ್ನರದ್ದು ಇನ್ನೊಂದು, ಎರಡೂ ಡಾಟ್ ಆರ್ಗ್. ಗವ್ ಅಂತ ಬಲೆ ಬೀಸಿದರೆ ಆರ್ಗ್ ಮೀನು ಬೀಳುವುದಿಲ್ಲ, ಯಾರಾದರೂ ಬೇರೆಯಾಗಿ ಸೇರಿಸಿದರೆ ಮಾತ್ರ. ಹಾಗೆ ಸೇರಿಸುವ ವಿಳಾಸಕ್ಕೆ ನಮ್ಮವರು ಸೀಡ್ ಅನ್ನುತ್ತಾರೆ, ಬೀಜ. ಬಿತ್ತದೆ ಬೆಳೆ ಇಲ್ಲ.

ಆದ್ದರಿಂದ ನಿಮ್ಮ ಚೀಫ್ ಆಫ್ ಸ್ಟಾಫ್ ಕಡೆಯಿಂದ ಆರ್ಕೈವ್ಸ್‌ಗೆ ಒಂದು ಇಮೇಲ್ ಹೋಗಲಿ. ಈ ವಿಳಾಸ ನಿಮ್ಮ ಸೀಡ್ ಪಟ್ಟಿಯಲ್ಲಿದೆಯಾ, ಇದ್ದರೆ ಕೊನೆಯ ಸಲ ಯಾವಾಗ ಹಿಡಿದಿರಿ, ಇಲ್ಲದಿದ್ದರೆ ಸೇರಿಸುತ್ತೀರಾ ಅಂತ. ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ 'ಹ್ಞೂಂ, ಆಗುತ್ತೆ' ಅಂದವರು ಡಿಸೆಂಬರ್‌ನಲ್ಲಿ ರಜೆಯ ಮೇಲಿರುತ್ತಾರೆ.

ದೊಡ್ಡ ದೊಡ್ಡ ಸಂಸ್ಥೆಗಳೇ ಕೈಬಿಟ್ಟ ಉದಾಹರಣೆ ಇದೆ ರೀ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್, ಕಾಂಗ್ರೆಸ್ ಸದಸ್ಯರ ಸೈಟ್‌ಗಳನ್ನು 2006ರಿಂದ ಪ್ರತಿ ಕಾಂಗ್ರೆಸ್ ಮುಗಿಯುವಾಗ ಹಿಡಿದಿಡುತ್ತಾ ಬಂದಿದೆ, ಅದು ಚೆನ್ನಾಗಿಯೇ ನಡೆಯುತ್ತಿದೆ. ಆದರೆ 2008ರಲ್ಲಿ ಅಧ್ಯಕ್ಷರು ಬದಲಾಗುವ ಹೊತ್ತಿಗೆ, ಫೆಡರಲ್ ಇಲಾಖೆಗಳ ಸೈಟ್‌ಗಳನ್ನು ತಾನು ಹಿಡಿಯುವುದಿಲ್ಲ ಅಂದುಬಿಟ್ಟಿತು. ಆಗ ಲೈಬ್ರರಿ ಆಫ್ ಕಾಂಗ್ರೆಸ್, ಇಂಟರ್ನೆಟ್ ಆರ್ಕೈವ್, ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ, ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯ, ಸರ್ಕಾರಿ ಮುದ್ರಣ ಕಚೇರಿ ಎಲ್ಲ ಸೇರಿ 'ಎಂಡ್ ಆಫ್ ಟರ್ಮ್' ಅಂತ ಒಂದು ಕೆಲಸ ಶುರು ಮಾಡಿದವು. ನಾಲ್ಕು ವರ್ಷಕ್ಕೊಮ್ಮೆ ಈಗಲೂ ಮಾಡುತ್ತಾರೆ.

ನೀವು ಕೇಳದಿದ್ದರೂ ಕೆಲವರು ಕೇಳುತ್ತಾರೆ, ಮಸೂದೆ, ವೋಟು ಎಲ್ಲ ಶಾಸಕಾಂಗದ ಸೈಟಿನಲ್ಲೇ ಇದೆಯಲ್ಲ, ಇದನ್ನು ಯಾಕೆ ಉಳಿಸಬೇಕು ಅಂತ. ನಿಜ, 1999ರಿಂದ ಈಚಿನ ಮಸೂದೆಗಳ ಪಠ್ಯ, ತಿದ್ದುಪಡಿ, ವಿಶ್ಲೇಷಣೆ, ಯಾರು ಯಾವ ಕಡೆ ವೋಟು ಹಾಕಿದರು ಎಲ್ಲ ಅಲ್ಲಿ ಸಿಗುತ್ತದೆ. 2023ರ ಎಸ್‌ಬಿ 403 ನೆನಪಿದೆಯಾ? ಜಾತಿ ತಾರತಮ್ಯದ ಮಸೂದೆ, ಸೆನೆಟರ್ ಆಯಿಶಾ ವಹಾಬ್ ತಂದದ್ದು, ಎರಡೂ ಸದನ ದಾಟಿ ಕೊನೆಗೆ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ವೀಟೊ ಮಾಡಿದರು. ನಿಮ್ಮ ಕಡೆ ಮನೆಮನೆಯಲ್ಲೂ ಜಗಳ ಆಗಿತ್ತು, ಪರ ಯಾರು ವಿರೋಧ ಯಾರು ಅನ್ನುವುದು ಬೇರೆ ಮಾತು. ಆ ಮಸೂದೆಯ ಒಂದೊಂದು ಪದವೂ ಸರ್ಕಾರದ ದಾಖಲೆಯಲ್ಲಿದೆ. ಆದರೆ ಇಂಥ ವಿಷಯ ಬಂದಾಗ ಒಬ್ಬ ಶಾಸಕರು ತಮ್ಮ ಕ್ಷೇತ್ರದ ಜನಕ್ಕೆ ಅದನ್ನು ಹೇಗೆ ವಿವರಿಸಿದರು, ಯಾವ ಸಭೆ ಕರೆದರು, ಯಾವುದರ ಬಗ್ಗೆ ಬಾಯಿ ಬಿಡಲಿಲ್ಲ, ಅದು ಸಿಗುವುದು ಅವರ ಸೈಟಿನಲ್ಲಿ, ನ್ಯೂಸ್‌ಲೆಟರಿನಲ್ಲಿ. ಮೌನವೂ ಒಂದು ದಾಖಲೆ. ಆದರೆ ಸೈಟನ್ನು ಪೂರ್ತಿ ಹಿಡಿದಿದ್ದರೆ ಮಾತ್ರ ಅದು ಮೌನ ಅಂತ ಹೇಳಬಹುದು, ಅರ್ಧಂಬರ್ಧ ಹಿಡಿದಿದ್ದರೆ ಪುಟ ಸಿಗಲಿಲ್ಲ ಅಂತಷ್ಟೇ.

ವೇಬ್ಯಾಕ್ ಬಗ್ಗೆ. ಇಂಟರ್ನೆಟ್ ಆರ್ಕೈವ್ 1996ರಿಂದ ವೆಬ್ ಪುಟಗಳನ್ನು ಸಂಗ್ರಹಿಸುತ್ತಿದೆ, 2001ರಲ್ಲಿ ವೇಬ್ಯಾಕ್ ಮಷೀನ್ ಎಲ್ಲರಿಗೂ ತೆರೆಯಿತು. ಅವರ ಉಪಕಾರ ದೊಡ್ಡದು, ನಾನೇ ದಿನಕ್ಕೆ ಹತ್ತು ಸಲ ಬಳಸುತ್ತೇನೆ. 'ಸೇವ್ ಪೇಜ್ ನೌ' ಅಂತ ಒಂದು ಜಾಗ ಇದೆ, ವಿಳಾಸ ಅಂಟಿಸಿ ಒತ್ತಿದರೆ ಆ ಪುಟ ಸೇವ್ ಆಗುತ್ತದೆ. ಮುಖಪುಟ ಒತ್ತಿ ಬಿಟ್ಟರೆ ಇಡೀ ಸೈಟ್ ಬಂತು ಅಂದುಕೊಳ್ಳುವವರೇ ಜಾಸ್ತಿ. ಬರುವುದಿಲ್ಲ. ಒಂದು ಪುಟ, ಅಷ್ಟೇ. ಖಾತೆ ತೆರೆದು ಲಾಗಿನ್ ಆದರೆ ಆ ಪುಟದಲ್ಲಿರುವ ಲಿಂಕುಗಳನ್ನೂ ಒಂದು ಹಂತ ಸೇವ್ ಮಾಡಿಸಬಹುದು. ಇವತ್ತು ಸಂಜೆಯೇ ಕೂತು ಮುಖ್ಯವಾದ ಪುಟಗಳನ್ನು ಒತ್ತಿಬಿಡಿ, ಯಾರ ಅನುಮತಿಯೂ ಬೇಡ. ಆದರೆ ಅದು ಸರ್ಕಾರದ ದಾಖಲೆ ಅಲ್ಲ, ಅದು ಒಂದು ಲಾಭರಹಿತ ಸಂಸ್ಥೆಯ ಸಂಗ್ರಹ. ಸೈಟ್ ಪೂರ್ತಿ ಬಂದಿದೆಯಾ ಅಂತ ನೋಡುವ ಜವಾಬ್ದಾರಿ ಅಲ್ಲಿ ಯಾರಿಗೂ ಇಲ್ಲ. ಅದೇ ಸಂಸ್ಥೆ 2006ರಿಂದ 'ಆರ್ಕೈವ್-ಇಟ್' ಅನ್ನುವ ಸೇವೆ ನಡೆಸುತ್ತಿದೆ. ರಾಜ್ಯಗಳ ಆರ್ಕೈವ್, ಲೈಬ್ರರಿಗಳು ಚಂದಾ ಕಟ್ಟಿ ತಮ್ಮ ಸಂಗ್ರಹ ತಾವೇ ಕಟ್ಟಿಕೊಳ್ಳುವುದು ಅದರಲ್ಲಿ. ನಾರ್ತ್ ಕೆರೊಲಿನಾ ಅಂತೂ 2005ರಿಂದಲೇ ತನ್ನ ಸರ್ಕಾರಿ ಸೈಟ್‌ಗಳನ್ನು ಹಿಡಿಯುತ್ತಿದೆ.

ಒಂದು ಸಣ್ಣ ಸೂಕ್ಷ್ಮ, ಇದನ್ನು ಹೇಳದೆ ಇರಲಾರೆ. ವೇಬ್ಯಾಕ್ ವಿಳಾಸದ ನಡುವೆ 14 ಅಂಕಿಗಳ ಸಾಲು ಇರುತ್ತದೆ ನೋಡಿ, ಅದು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. 20241202023000 ಅಂತಿದೆ ಅಂದುಕೊಳ್ಳಿ. 2024ರ ಡಿಸೆಂಬರ್ 2, ಹೊಸಬರು ಪ್ರಮಾಣವಚನ ತೆಗೆದುಕೊಂಡ ದಿನ. ಹಾಗಾದರೆ ಇದು ಹೊಸಬರ ಪುಟ ಅಲ್ವಾ? ಅಲ್ಲ. ಆ ಗಂಟೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಲೆಕ್ಕದ್ದು. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಅದಕ್ಕಿಂತ 8 ಗಂಟೆ ಹಿಂದೆ. ಅಲ್ಲಿ ಆಗ ಇನ್ನೂ ಡಿಸೆಂಬರ್ 1ರ ಸಂಜೆ ಆರೂವರೆ. ಬೇರೆ ಸೈಟ್‌ಗಳಿಗೆ ಎಂಟು ಗಂಟೆ ಏನೂ ಅಲ್ಲ, ಕುರ್ಚಿ ಬದಲಾಗುವ ವಾರದಲ್ಲಿ ಅದೇ ಎಲ್ಲ.

ಪಿಡಿಎಫ್, ಜಿಪ್ ವಿಷಯ. ಪಿಡಿಎಫ್ ಅಂದರೆ ಕಾಗದದ ಜೆರಾಕ್ಸ್ ಇದ್ದ ಹಾಗೆ. ಓದಲು ಸಿಗುತ್ತದೆ, ಆದರೆ ಪುಟದಿಂದ ಪುಟಕ್ಕೆ ಹೋಗುವ ದಾರಿ ಹೋಯಿತು. ಸೈಟಿನ ಹಿಂದಿನ ಸಾಫ್ಟ್‌ವೇರ್, ಡೇಟಾಬೇಸ್ ಎಲ್ಲ ಜಿಪ್ ಮಾಡಿ ಕೊಟ್ಟರೆ ಅದನ್ನು ಓಡಿಸಲು ಅದೇ ಕಾಲದ ಸರ್ವರ್ ಬೇಕು, ಹತ್ತು ವರ್ಷ ಬಿಟ್ಟು ಯಾರು ತರುತ್ತಾರೆ? ಆರ್ಕೈವ್‌ಗಳು ಇಡುವುದು ವಾರ್ಕ್ ಅನ್ನುವ ಫೈಲ್‌ನಲ್ಲಿ. 2009ರಲ್ಲೇ ಐಎಸ್‌ಒ ಮಾನದಂಡ ಆಗಿದೆ, ನಂಬರ್ 28500. ಅದನ್ನು ಬಿಚ್ಚಿ ನೋಡಿದರೆ ತುಂಬ ಸರಳ. ಒಂದೊಂದು ಫೈಲ್‌ಗೂ ಮೊದಲು ಕೆಲವು ಸಾಲು, ಯಾವ ವಿಳಾಸದಿಂದ ತಂದದ್ದು, ಯಾವ ಕ್ಷಣದಲ್ಲಿ, ಒಳಗಿನ ವಸ್ತು ಬದಲಾಗಿಲ್ಲ ಅಂತ ನೋಡುವ ಲೆಕ್ಕದ ಸಂಖ್ಯೆ, ಅಂದರೆ ಅದರ ಚೆಕ್‌ಸಮ್ ಎಷ್ಟು. ಆಮೇಲೆ ಸರ್ವರ್ ಕೊಟ್ಟ ಉತ್ತರ, ಹೆಡರ್ (ಜೊತೆಗೆ ಬರುವ ವಿವರದ ಸಾಲುಗಳು) ಸಮೇತ, ಇದ್ದದ್ದು ಇದ್ದ ಹಾಗೆ. ಊರಿನಿಂದ ಬಂದ ಕಾಗದವನ್ನು ಲಕೋಟೆ, ಅಂಚೆ ಮೊಹರು ಸಮೇತ ಎತ್ತಿಡುತ್ತಿದ್ದರಲ್ಲ ನಮ್ಮ ಅಜ್ಜಂದಿರು, ಅದೇ. ಮೊಹರು ಇದ್ದರೆ ತಾನೇ ಯಾವತ್ತು ಬಂದದ್ದು ಅಂತ ವಾದ ಮಾಡಲು ಬರುವುದು.

ಕ್ರಾಲ್ ಮಾಡುವುದು ಆರ್ಕೈವ್‌ನವರ ಕೆಲಸ, ಆದರೆ ಎಲ್ಲಿ ಎಡವುತ್ತದೆ ಅಂತ ಸೈಟ್ ಬಲ್ಲ ನಿಮಗೇ ಗೊತ್ತಿರುವುದು. ಕ್ರಾಲರ್ ಅಂದರೆ ಲಿಂಕ್ ಹಿಡಿದು ಹೋಗುವ ಪ್ರೋಗ್ರಾಮ್, ಅದಕ್ಕೆ ಬುದ್ಧಿ ಇಲ್ಲ, ಛಲ ಮಾತ್ರ ಇದೆ. ಒಂದು ಸಲ ನನ್ನ ಕ್ರಾಲ್ ಎರಡು ದಿನ ಓಡಿ, ಕೊಟ್ಟಿದ್ದ ಮಿತಿ ಮುಟ್ಟಿ ನಿಂತಿತು. ಒಳ್ಳೆಯದಾಯಿತು, ಸೈಟ್ ದೊಡ್ಡದಿರಬೇಕು ಅಂತ ಖುಷಿಯಾಗಿ ವರದಿ ತೆರೆದೆ. ಕಾರ್ಯಕ್ರಮಗಳ ಕ್ಯಾಲೆಂಡರ್‌ನಲ್ಲಿ 'ಮುಂದಿನ ತಿಂಗಳು' ಅಂತ ಒಂದು ಬಾಣದ ಗುರುತು ಇತ್ತು. ಪುಣ್ಯಾತ್ಮ ಅದನ್ನೇ ಒತ್ತಿಕೊಂಡು ಒತ್ತಿಕೊಂಡು ಮುಂದಿನ ಶತಮಾನಕ್ಕೆ ಹೋಗಿದ್ದ! ಸಾವಿರಾರು ಖಾಲಿ ತಿಂಗಳು, ಪತ್ರಿಕಾ ಹೇಳಿಕೆ ಒಂದೂ ಇಲ್ಲ. ಇದಕ್ಕೆ ಕ್ರಾಲರ್ ಟ್ರ್ಯಾಪ್ ಅನ್ನುತ್ತಾರೆ. ನಿಮ್ಮ ಸೈಟಿನಲ್ಲಿ ಕ್ಯಾಲೆಂಡರ್ ಇದ್ದರೆ ಮೊದಲೇ ತಿಳಿಸಿ, ಆ ದಾರಿಗೆ ಬೇಲಿ ಹಾಕುತ್ತಾರೆ.

ಇದರ ತದ್ವಿರುದ್ಧ 'ಇನ್ನಷ್ಟು ನೋಡಿ' ಬಟನ್. ಅದರ ಹಿಂದೆ ಲಿಂಕ್ ಇಲ್ಲದೆ ಬರೀ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಮ್) ಇದ್ದರೆ ಹಳೆಯ ಕ್ರಾಲರ್ ಅಲ್ಲೇ ನಿಂತುಬಿಡುತ್ತದೆ, ಮೊದಲ ಹತ್ತು ಹೇಳಿಕೆ ಬರುತ್ತವೆ, ಉಳಿದದ್ದು ಇಲ್ಲ. ಬ್ರೌಸರ್ಟ್ರಿಕ್ಸ್‌ನಂಥ ಸಲಕರಣೆ ನಿಜವಾದ ಬ್ರೌಸರ್ ತೆರೆದು ಕ್ರಾಲ್ ಮಾಡುವುದರಿಂದ ಅಲ್ಲಿ ಗೆಲ್ಲುತ್ತದೆ. ಆದರೆ ಎಲ್ಲಕ್ಕಿಂತ ಸುಲಭದ ಉಪಾಯ, ಎಲ್ಲ ಹೇಳಿಕೆಗಳ ಲಿಂಕ್ ಇರುವ ಒಂದೇ ಒಂದು ಉದ್ದನೆಯ ಪುಟವನ್ನು ಸೈಟಿನಲ್ಲಿ ಮಾಡಿಸುವುದು. ನೋಡಲು ಚೆಂದ ಇರುವುದಿಲ್ಲ, ಇರಲಿ ಬಿಡಿ, ಅದು ಯಂತ್ರ ಓದಲಿಕ್ಕೆ. ಹಾಗೆಯೇ ಕ್ರಾಲರ್ ಎಲ್ಲಿಗೆ ಹೋಗಬಾರದು ಅಂತ ಹೇಳುವ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಫೈಲ್ ಒಮ್ಮೆ ತೆರೆದು ನೋಡಿಸಿ. ಸೈಟ್ ಕಟ್ಟುವ ಸಾಫ್ಟ್‌ವೇರ್ ಡ್ರೂಪಾಲ್ 7ರ ಜೊತೆ ಬರುತ್ತಿದ್ದ ಫೈಲ್, ಪುಟದ ಬಣ್ಣ, ವಿನ್ಯಾಸ ಇರುವ ಫೋಲ್ಡರ್‌ಗಳಿಗೇ ಬೀಗ ಹಾಕಿರುತ್ತಿತ್ತು. ಅದನ್ನು ಪಾಲಿಸಿದ ಕ್ರಾಲ್‌ನಲ್ಲಿ ಪುಟಗಳು ಅಕ್ಷರ ಮಾತ್ರ ಉಳಿದು, ಬಟ್ಟೆ ಕಳಚಿದ ಹಾಗೆ ಕಾಣುತ್ತವೆ. ಈ ಫೈಲ್ ನಿಮ್ಮ ಕೈಯಲ್ಲಿಲ್ಲ, ಸೈಟ್ ನಡೆಸುವ ಕಾಕಸ್‌ನ ತಾಂತ್ರಿಕ ಸಿಬ್ಬಂದಿ ಕೈಯಲ್ಲಿದೆ. ಅವರನ್ನೂ ಇಮೇಲ್‌ನಲ್ಲಿ ಸೇರಿಸಿಕೊಳ್ಳಿ.

ಸೈಟಿನ ಹೊರಗೆ ಕೂತಿರುವ ವಸ್ತುಗಳು ಇನ್ನೊಂದು ತಲೆನೋವು. ನ್ಯೂಸ್‌ಲೆಟರ್ 'ಬ್ರೌಸರ್‌ನಲ್ಲಿ ನೋಡಿ' ಅಂತ ಇಮೇಲ್ ಕಂಪನಿಯ ವಿಳಾಸಕ್ಕೆ ಹೋಗುತ್ತದೆ. ವಿಡಿಯೊ ಯೂಟ್ಯೂಬ್‌ನಲ್ಲಿ, ಕರಪತ್ರ ಗೂಗಲ್ ಡ್ರೈವ್‌ನಲ್ಲಿ. ಇವೆಲ್ಲ ಸ್ಕೋಪ್ ಆಚೆ, ಅಂದರೆ ಕ್ರಾಲ್‌ಗೆ ಹಾಕಿದ ಗಡಿಯ ಹೊರಗೆ. ಒಂದೊಂದಾಗಿ ಪಟ್ಟಿ ಮಾಡಿ ಕೊಟ್ಟರೆ ಆರ್ಕೈವ್‌ನವರು ಸೇರಿಸಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕ್ರಾಲರ್‌ಗಳನ್ನು ಬಾಗಿಲಲ್ಲೇ ತಡೆಯುತ್ತವೆ, ಅಲ್ಲಿಂದ ಖಾತೆಯ ಮಾಲೀಕರೇ ತಮ್ಮ ಡೇಟಾ ಡೌನ್‌ಲೋಡ್ ಮಾಡಿ ಕೊಡುವುದು ಒಳ್ಳೆಯದು. ವಿಡಿಯೊದ ಮೂಲ ಫೈಲ್ ಕಚೇರಿಯ ಹಾರ್ಡ್ ಡಿಸ್ಕಿನಲ್ಲಿದ್ದರೆ ಅದನ್ನೇ ಕೊಡಿ. ಪಿಡಿಎಫ್ ಕೂಡ ಇಲ್ಲೇ ಉಪಯೋಗಕ್ಕೆ ಬರುವುದು, ಜೊತೆಗಿಡುವ ಪ್ರತಿಯಾಗಿ. ಹಾರ್ಡ್ ಡಿಸ್ಕ್ ಕೊಡುವಾಗ ಒಂದು ಎಚ್ಚರ. ಜನ ತಮ್ಮ ಕಷ್ಟ ಹೇಳಿಕೊಂಡು ಬರೆದ ಕಾಗದಗಳು, ನಿರುದ್ಯೋಗ ಭತ್ಯೆ, ಲೈಸೆನ್ಸ್ ತಕರಾರು, ಇವೆಲ್ಲ ಅದರಲ್ಲೇ ಇರುತ್ತವೆ. ಸುಮ್ನೆ ಇಡೀ ಡಿಸ್ಕ್ ಕಾಪಿ ಮಾಡಿ ಕೊಟ್ಟುಬಿಡಬೇಡಿ. ಚುನಾವಣಾ ಪ್ರಚಾರದ ಸೈಟನ್ನೂ ಇದರ ಜೊತೆ ಬೆರೆಸಬೇಡಿ, ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಸೈಟ್ ಅಲ್ಲ.

ದಿನಾಂಕ ಹೇಳುತ್ತೇನೆ, ಬರೆದುಕೊಳ್ಳಿ. ಚುನಾವಣೆ ನವೆಂಬರ್ 3. ಹೊಸ ಅಸೆಂಬ್ಲಿ ಕೂಡುವುದು ಡಿಸೆಂಬರ್‌ನ ಮೊದಲ ಸೋಮವಾರ, ಈ ಸಲ ಡಿಸೆಂಬರ್ 7. ನಡುವಿನ ಐದು ವಾರದಲ್ಲಿ ಕಚೇರಿ ಖಾಲಿಯಾಗುತ್ತದೆ, ಸಿಬ್ಬಂದಿ ಬೇರೆ ಕೆಲಸ ಹುಡುಕುತ್ತಿರುತ್ತಾರೆ, ಪಾಸ್‌ವರ್ಡ್ ಗೊತ್ತಿದ್ದವರು ಮೊದಲು ಹೋಗಿರುತ್ತಾರೆ. ಅದಕ್ಕೆ ಬೇಸಿಗೆ ಮುಗಿಯುವುದರೊಳಗೆ ಒಂದು ಟೆಸ್ಟ್ ಕ್ರಾಲ್ ಮಾಡಿಸಿ, ತಪ್ಪುಗಳೆಲ್ಲ ಅದರಲ್ಲೇ ಗೊತ್ತಾಗುತ್ತವೆ. ಆರ್ಕೈವ್-ಇಟ್‌ನಲ್ಲಿ ಟೆಸ್ಟ್ ಕ್ರಾಲ್ ಅನ್ನು ಗಡುವಿನೊಳಗೆ 'ಸೇವ್' ಒತ್ತಿ ಉಳಿಸಿಕೊಳ್ಳದಿದ್ದರೆ ಅಳಿಸಿಹೋಗುತ್ತದೆ, ನನ್ನದೊಂದು ಹಾಗೆ ಹೋಗಿದೆ, ಅದರ ದುಃಖ ಈಗ ಬೇಡ. ನಿಜವಾದ ಕ್ರಾಲ್ ನವೆಂಬರ್ ಎರಡನೇ ವಾರದಲ್ಲಿ ಆಗಲಿ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆ ನೀವೇ ಒಂದು ಮಧ್ಯಾಹ್ನ ಕೂತು ಆರ್ಕೈವ್ ಪ್ರತಿಯಲ್ಲಿ ಒಂದಿಪ್ಪತ್ತು ಲಿಂಕ್ ಒತ್ತಿ ನೋಡಿ. ಒತ್ತುವಾಗ ನಿಮ್ಮ ವೈಫೈ ಆಫ್ ಮಾಡಿ ನೋಡುತ್ತೇನೆ ಅನ್ನಬೇಡಿ, ಆರ್ಕೈವ್ ಇರುವುದೂ ಇಂಟರ್ನೆಟ್ಟಿನಲ್ಲೇ! ಬದಲಿಗೆ ಬ್ರೌಸರಿನ ಮೇಲ್ಗಡೆ ವಿಳಾಸ ಕಾಣುವ ಜಾಗ ನೋಡುತ್ತಿರಿ. ಆರ್ಕೈವ್‌ನ ವಿಳಾಸ ಹೋಗಿ ಅಸಲಿ ಸೈಟಿನ ವಿಳಾಸ ಬಂತು ಅಂದರೆ ನೀವು ಹೊರಗೆ ಬಂದುಬಿಟ್ಟಿದ್ದೀರಿ, ಆ ಪುಟ ಆರ್ಕೈವ್‌ಗೆ ಸಿಕ್ಕಿದೆ ಅನ್ನಲಾಗದು.

ಕೊನೆಗೆ ರಾಜ್ಯೋತ್ಸವದ ಪುಟ. ಅದು ಸೈಟಿನಲ್ಲೇ ಇರುವುದರಿಂದ ಕ್ರಾಲ್‌ನಲ್ಲಿ ಬರುತ್ತದೆ. ಆದರೆ ಅದರ ಜೊತೆ ಹಾಕಿರುವ ಕನ್ನಡ ಕರಪತ್ರವನ್ನು ಒಮ್ಮೆ ತೆರೆದು, ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಕನ್ನಡವೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಅದನ್ನು ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ ಅಂತ. ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. 'ರಾಜ್ಯೋತ್ಸವ' ಅಂತ ಹುಡುಕಿದರೆ ಯಾವತ್ತೂ ಸಿಗದು. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿದ ಇನ್ನೊಂದು ಪ್ರತಿಯನ್ನು ಅದೇ ಪುಟದಲ್ಲಿ ಸೇರಿಸಿ, ಫೋಟೊದ ಕೆಳಗೆ ವರ್ಷ ಮತ್ತು ಊರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ. ಪಾಸ್‌ವರ್ಡ್ ಇರುವವರು ಇನ್ನೂ ಕಚೇರಿಯಲ್ಲಿದ್ದಾರೆ ತಾನೇ? ಈ ವಾರವೇ ಮಾಡಿಸಿ.